ಮನೆಯಿಲ್ಲದವರ ಪಾಠಕ್ಕೆ ಮನೆ ತೆರಿಗೆಯ ರಸೀದಿ ತನ್ನಿ

ಮನೆಯಿಲ್ಲದವರ ಬಗ್ಗೆ ಪಾಠ ಮಾಡುವ ಹಿಂದಿನ ದಿನ ಶಾಲೆಯ ದಾಖಲಾತಿ ವಹಿ ತೆಗೆದು ವಿಳಾಸದ ಅಂಕಣವನ್ನು ಮೇಲಿಂದ ಕೆಳಗಿನವರೆಗೆ ಓದಿ. ಹುಬ್ಬಳ್ಳಿಯ ನಮ್ಮಂಥ ಸರ್ಕಾರಿ ಪ್ರೌಢಶಾಲೆಯಲ್ಲಿ ಮನೆ ನಂಬರು, ಓಣಿ, ಪಿನ್‌ಕೋಡ್ ಎಲ್ಲ ಸರಿಯಾಗಿರುವ ಹೆಸರುಗಳ ನಡುವೆ ಬೇರೆ ಥರದವೂ ಕೆಲವು ಸಿಗುತ್ತವೆ. ಒಂದರ ಮುಂದೆ ವಿದ್ಯಾರ್ಥಿನಿಲಯದ ವಿಳಾಸ, ಇನ್ನೊಂದರ ಮುಂದೆ ಚಿಕ್ಕಮ್ಮನ ಮನೆಯದು, ಮತ್ತೊಂದರ ಮುಂದೆ ‘ಹೊಸ ಲೇಔಟ್, ಕಟ್ಟಡದ ಶೆಡ್ಡು’ ಎಂದಷ್ಟೇ. ನಾಳೆ ನೀವು ತರಗತಿಯಲ್ಲಿ ‘ಅವರು’ ಎಂದು ಯಾರ ಬಗ್ಗೆ ಮಾತನಾಡುತ್ತೀರೋ, ಅವರಲ್ಲೊಬ್ಬರು ಮೂರನೆಯ ಬೆಂಚಿನಲ್ಲಿ ಕೂತು ನಿಮ್ಮನ್ನೇ ನೋಡುತ್ತಿರಬಹುದು. ಇದನ್ನು ತಿಳಿದುಕೊಂಡು ಒಳಗೆ ಹೋಗಿ. ತಿಳಿದಿದೆ ಎಂದು ಮುಖದಲ್ಲಿ ತೋರಿಸಬೇಡಿ.

ಹಾಗಾಗಿ ಒಂದು ಕಟ್ಟುನಿಟ್ಟು. ‘ನಿಮ್ಮಲ್ಲಿ ಸ್ವಂತ ಮನೆ ಯಾರಿಗಿದೆ, ಕೈ ಎತ್ತಿ’ ಎಂಬ ಪ್ರಶ್ನೆ ಬೇಡ. ‘ನಮ್ಮ ಮನೆ’ ಎಂಬ ಪ್ರಬಂಧ, ಮನೆಯ ನಕ್ಷೆ ಬಿಡಿಸಿ ತರುವ ಮನೆಗೆಲಸ ಕೂಡ ಬೇಡ. ಮಕ್ಕಳು ತಮ್ಮ ಬದುಕನ್ನು ಹೇಳಿಕೊಳ್ಳದೆಯೇ ಪೂರ್ತಿ ಭಾಗವಹಿಸಲು ಸಾಧ್ಯವಾಗಬೇಕು. ಕೆಳಗೆ ಬರೆದಿರುವ ಎಲ್ಲ ಚಟುವಟಿಕೆಗಳೂ ಈ ಅಳತೆಗೆ ಹೊಂದುವಂಥವು.

ಈ ವಿಷಯಕ್ಕೆ ಪಠ್ಯದಲ್ಲಿ ಜಾಗವಿಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ಹತ್ತನೆಯ ತರಗತಿಯ ಸಮಾಜಶಾಸ್ತ್ರದಲ್ಲಿ ಸಾಮಾಜಿಕ ಸ್ತರವಿನ್ಯಾಸ ಇದೆ, ದುಡಿಮೆ ಇದೆ, ಸಾಮಾಜಿಕ ಸಮಸ್ಯೆಗಳಿವೆ. ಯಾವುದರ ಜೊತೆಗಾದರೂ ಹೊಂದಿಸಬಹುದು. ಆದರೆ ಎಸ್‌.ಎಸ್‌.ಎಲ್‌.ಸಿ. ಮಕ್ಕಳ ತಲೆಯಲ್ಲಿ ಪರೀಕ್ಷೆ ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ನಾನು ಒಂಬತ್ತನೆಯ ತರಗತಿಗೆ, ದೀಪಾವಳಿ ಕಳೆದ ಮೇಲೆ, ಐದಾರು ಅವಧಿಗಳಲ್ಲಿ ಮಾಡುತ್ತೇನೆ. ಆ ಹೊತ್ತಿಗೆ ಬೆಳಗಿನ ಚಳಿ ಶುರುವಾಗಿರುತ್ತದೆ, ಬಸ್ ನಿಲ್ದಾಣದಲ್ಲಿ ಹೊದ್ದು ಮಲಗಿದವರು ಮಕ್ಕಳ ಕಣ್ಣಿಗೂ ಬಿದ್ದಿರುತ್ತಾರೆ.

ಮೊದಲ ಅವಧಿಯಲ್ಲಿ ಕನಿಕರದ ಕತೆ ಹೇಳಬೇಡಿ. ವ್ಯಾಖ್ಯೆಯಿಂದ ಶುರುಮಾಡಿ. ನಮ್ಮ ಜನಗಣತಿಯ ಪ್ರಕಾರ ಕಟ್ಟಡದೊಳಗೆ ವಾಸಿಸದೆ ಬಯಲಿನಲ್ಲಿ, ರಸ್ತೆ ಬದಿಯಲ್ಲಿ, ಪಾದಚಾರಿ ಮಾರ್ಗದಲ್ಲಿ, ಹ್ಯೂಮ್ ಪೈಪಿನೊಳಗೆ (ದೊಡ್ಡ ಸಿಮೆಂಟ್ ಕೊಳವೆ), ಮೇಲ್ಸೇತುವೆ ಅಥವಾ ಮೆಟ್ಟಿಲುಗಳ ಕೆಳಗೆ, ಗುಡಿ-ಮಂಟಪಗಳ ತೆರೆದ ಜಾಗದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇರುವವರು ಮನೆಯಿಲ್ಲದವರು. ಇದನ್ನು ಹಲಗೆಯ ಮೇಲೆ ಬರೆದು, ಒಂದಿಷ್ಟು ಚೀಟಿಗಳನ್ನು ಗುಂಪುಗಳಿಗೆ ಹಂಚಿ. ಚೀಟಿಯಲ್ಲಿ ಒಂದೊಂದು ಸನ್ನಿವೇಶ: ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಹೆಂಡತಿ ಮಕ್ಕಳೊಂದಿಗಿರುವ ಕಾವಲುಗಾರ. ಕಬ್ಬು ಕಡಿಯಲು ಬಂದು ಗದ್ದೆಯ ಬದಿಯಲ್ಲಿ ತಾಡಪಾಲು ಕಟ್ಟಿಕೊಂಡ ಕುಟುಂಬ. ಗಂಡನ ಹೊಡೆತ ತಾಳದೆ ಅಣ್ಣನ ಮನೆಯ ಪಡಸಾಲೆಯಲ್ಲಿ ಮಲಗುವ ಅಕ್ಕ. ಸಿದ್ಧಾರೂಢ ಮಠದ ದಾಸೋಹದಲ್ಲಿ ಉಂಡು ಹೊರಗಿನ ಕಟ್ಟೆಯ ಮೇಲೆ ರಾತ್ರಿ ಕಳೆಯುವ ಅಜ್ಜ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಉಕ್ಕಿ, ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಬಂದ ನವಲಗುಂದದ ಕಡೆಯ ರೈತ. ಇವರಲ್ಲಿ ಯಾರು ಲೆಕ್ಕಕ್ಕೆ ಸಿಗುತ್ತಾರೆ, ಯಾರು ಜಾರುತ್ತಾರೆ?

ಗಲಾಟೆ ಆಗುತ್ತದೆ, ಆಗಲಿ. ಅಣ್ಣನ ಪಡಸಾಲೆಯ ಅಕ್ಕ ಗಣತಿಯ ಕಣ್ಣಿಗೆ ಮನೆಯುಳ್ಳವಳು. ‘ಅಣ್ಣನ ಹೆಂಡತಿ ಸಿಟ್ಟಾದರೆ?’ ಎಂದು ಪ್ರತಿವರ್ಷ ಯಾರಾದರೊಬ್ಬ ಹುಡುಗಿ ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಡಲು ಅವಸರ ಮಾಡಬೇಡಿ, ಹಲಗೆಯ ಮೂಲೆಯಲ್ಲಿ ಬರೆದಿಡಿ.

ಇಲ್ಲಿ ನಮ್ಮಂಥವರಿಗೆ ಒಂದು ಅನುಕೂಲವಿದೆ. ಗಣತಿಗೆ ಹೋಗುವವರು ಶಿಕ್ಷಕರೇ. 2011ರ ಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರುವರಿ 28ರ ರಾತ್ರಿ. ಬೆಳಗಾದರೆ ಅವರೆಲ್ಲ ಚದುರಿಹೋಗುತ್ತಾರೆಂದು ದೇಶದಾದ್ಯಂತ ಒಂದೇ ರಾತ್ರಿ. ಟಾರ್ಚು, ನಮೂನೆಯ ಹಾಳೆ ಹಿಡಿದು ನಾನೂ ಹೋಗಿದ್ದೆ. ಮಲಗಿದವರನ್ನು ಎಬ್ಬಿಸಿ ‘ಮನೆಯ ಯಜಮಾನರ ಹೆಸರೇನು?’ ಎಂದು ಕೇಳಬೇಕಾಗಿತ್ತು. ಕೆಲವರು ಪೊಲೀಸರೆಂದು ಭಾವಿಸಿ ಗಂಟು ಎತ್ತಿಕೊಂಡು ಹೊರಟೇಬಿಟ್ಟರು. ಆ ರಾತ್ರಿ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ. ಈ ಸಂಖ್ಯೆಯನ್ನು ಮಕ್ಕಳಿಗೆ ಕೊಡುವಾಗ ಎದ್ದು ಹೋದವರ ಸಂಗತಿಯನ್ನೂ ಸೇರಿಸಿ ಕೊಡಿ. ಆಗ ಅಂಕಿಅಂಶವನ್ನು ಅವರು ಓದುವ ಬಗೆಯೇ ಬೇರೆಯಾಗುತ್ತದೆ. ಜೊತೆಗೆ ಇನ್ನೊಂದು ಲೆಕ್ಕ: 2001ರಿಂದ 2011ಕ್ಕೆ ಹಳ್ಳಿಗಳಲ್ಲಿ ಮನೆಯಿಲ್ಲದವರು ಕಡಿಮೆಯಾದರು, ನಗರಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದರು. ಯಾಕೆ? ನಮ್ಮ ಕಡೆಯ ಮಕ್ಕಳಿಗೆ ಗುಳೆ ಗೊತ್ತು, ಉತ್ತರ ಅವರ ಬಾಯಿಂದಲೇ ಬರುತ್ತದೆ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋದದ್ದರಿಂದ ಕೈಯಲ್ಲಿರುವುದು ಈ ಹಳೆಯ ಲೆಕ್ಕವೇ ಎಂಬುದನ್ನೂ ಹೇಳಿ.

ಮುಂದಿನ ಎರಡು ಅವಧಿಗಳೇ ಈ ಪಾಠದ ಜೀವಾಳ. ಇಲ್ಲಿ ನಾವು ಒಂದು ಕಲ್ಪಿತ ಕುಟುಂಬದ ಖರ್ಚು ಬರೆಯುತ್ತೇವೆ. ಕೊಪ್ಪಳದ ಕಡೆಯ ಗಂಡ, ಹೆಂಡತಿ, ಹದಿಮೂರು ವರ್ಷದ ಮಗಳು, ಐದು ವರ್ಷದ ಮಗ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆಂದು ಹೊರಟವರು, ಅಲ್ಲಿ ಕೆಲಸ ನಿಂತು ಹುಬ್ಬಳ್ಳಿಯಲ್ಲಿ ಇಳಿದಿದ್ದಾರೆ. ಬೆಳಿಗ್ಗೆ ಕೂಲಿಯಾಳುಗಳು ನಿಲ್ಲುವ ಚೌಕದಲ್ಲಿ ನಿಲ್ಲುತ್ತಾರೆ, ರಾತ್ರಿ ಮುಚ್ಚಿದ ಅಂಗಡಿಗಳ ಮುಂದಿನ ಕಟ್ಟೆಯಲ್ಲಿ ಮಲಗುತ್ತಾರೆ. ದರಗಳನ್ನು ನೀವು ಹೇಳಬೇಡಿ. ಮಕ್ಕಳೇ ಕೇಳಿ ತಿಳಿದುಕೊಂಡು ಬರಲಿ. ನಮ್ಮ ತರಗತಿ ತಂದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ನಿಮ್ಮೂರಿನದು ಬೇರೆ ಇರುತ್ತದೆ.

ಗೌಂಡಿಯ ಕೈಕೆಳಗೆ ಗಂಡಾಳಿಗೆ 600 ರೂಪಾಯಿ, ಹೆಣ್ಣಾಳಿಗೆ 400. (ಈ ವ್ಯತ್ಯಾಸದ ಮೇಲೆಯೇ ಹತ್ತು ನಿಮಿಷ ಹೋಗುತ್ತದೆ, ಹೋಗಲಿ ಬಿಡಿ.) ತಿಂಗಳಿಗೆ ಹದಿನಾರು ದಿನ ಕೆಲಸ ಸಿಕ್ಕಿತೆಂದುಕೊಂಡರೆ 16,000. ಇನ್ನು ಖರ್ಚು. ಸಾರ್ವಜನಿಕ ಶೌಚಾಲಯಕ್ಕೆ ತಲೆಗೆ 5 ರೂಪಾಯಿಯಂತೆ ದಿನಕ್ಕೆ 20. ಸ್ನಾನಕ್ಕೆ 15 ರೂಪಾಯಿ. ದಿನಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡರೆ 30. ಶುದ್ಧ ನೀರಿನ ಘಟಕದ ಕ್ಯಾನಿಗೆ 5, ಮೊಬೈಲ್ ಚಾರ್ಜಿಗೆ 10. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5, ಊಟಕ್ಕೆ 10, ನಾಲ್ವರಿಗೆ 60. ರಾತ್ರಿ ಗಾಡಿಯಲ್ಲಿ ಮೂರು ಪ್ಲೇಟು ತಂದು ನಾಲ್ವರು ಹಂಚಿಕೊಂಡರೆ 150. ಒಟ್ಟು ದಿನಕ್ಕೆ 275, ತಿಂಗಳಿಗೆ 8,250. ಉಳಿದ 7,750ರಲ್ಲಿ ಮೇಸ್ತ್ರಿಯ ಮುಂಗಡಕ್ಕೆ 3,000 ಮುರಿದು, ಊರಿನಲ್ಲಿರುವ ಅವ್ವನಿಗೆ 2,000 ಕಳಿಸಿದರೆ ಕೈಯಲ್ಲಿ 2,750.

ಈಗ ಊರಂಚಿನಲ್ಲಿ 3,000 ರೂಪಾಯಿ ಬಾಡಿಗೆಯ ಒಂದು ಕೋಣೆ, 20,000 ಡಿಪಾಜಿಟ್. ಮೊದಲ ತಿಂಗಳ ಬಾಡಿಗೆಯೂ ಸೇರಿ 23,000 ಕೂಡಿಸಲು ಎಷ್ಟು ತಿಂಗಳು ಬೇಕು? ಎಂಟು ತಿಂಗಳು ದಾಟುತ್ತದೆ. ಅದೂ ಒಂದು ದಿನವೂ ಜ್ವರ ಬರದೆ, ಒಂದು ವಾರವೂ ಮಳೆ ಹಿಡಿಯದೆ, ಗಂಟು ಕಳುವಾಗದೆ ಇದ್ದರೆ. ಇಷ್ಟಾದ ಮೇಲೆ ಶೌಚ, ಸ್ನಾನ, ನೀರು, ಚಾರ್ಜು ಇವು ನಾಲ್ಕನ್ನು ಮಾತ್ರ ಬೇರೆ ಕೂಡಿಸಲು ಹೇಳಿ. ತಿಂಗಳಿಗೆ 1,950. ಅಂದರೆ ಕೋಣೆಯ ಬಾಡಿಗೆಯ ಮೂರನೇ ಎರಡು ಭಾಗದಷ್ಟನ್ನು ಅವರು ಕೋಣೆಯೇ ಇಲ್ಲದೆ ಕಟ್ಟುತ್ತಿದ್ದಾರೆ! ಗಣಿತದಲ್ಲಿ ಹಿಂದೆ ಬೀಳುವ ಹುಡುಗನೊಬ್ಬ ಇದನ್ನು ಮೊದಲು ಕಂಡುಹಿಡಿದು ಎದ್ದು ನಿಂತ. ಬಡವರು ದುಡ್ಡು ಉಳಿಸುವುದಿಲ್ಲ ಎಂಬ ಮಾತು ಆ ತರಗತಿಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

‘ಪಡಿತರದ ಅಕ್ಕಿ ಇದೆಯಲ್ಲ ಟೀಚರ್’ ಎನ್ನುತ್ತಾರೆ. ಇದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕೊಪ್ಪಳದ ಚೀಟಿಗೆ ಹುಬ್ಬಳ್ಳಿಯಲ್ಲಿಯೂ ಧಾನ್ಯ ಪಡೆಯಬಹುದು. ಪಡೆದ ಮೇಲೆ? ಚೀಲವನ್ನು ಹಗಲು ಯಾರ ಹತ್ತಿರ ಇಡುವುದು, ಒಲೆ ಎಲ್ಲಿ ಹೂಡುವುದು, ಅಂಗಡಿಯವನ ಕಟ್ಟೆ ಮಸಿಯಾದರೆ ಮರುದಿನ ಅಲ್ಲಿ ಮಲಗಲು ಬಿಡುತ್ತಾನೆಯೇ? ಹದಿಮೂರರ ಹುಡುಗಿಯ ಬಗ್ಗೆ ಹುಡುಗಿಯರ ಗುಂಪಿಗೆ ಪ್ರತ್ಯೇಕ ಚೀಟಿ ಕೊಡಿ: ತಿಂಗಳ ಆ ನಾಲ್ಕು ದಿನ ಅವಳ ಖರ್ಚೇನು, ರಾತ್ರಿ ಹತ್ತಕ್ಕೆ ಶೌಚಾಲಯ ಮುಚ್ಚಿದ ಮೇಲೆ ಅವಳು ಏನು ಮಾಡುತ್ತಾಳೆ. ಅವರು ಬರೆದದ್ದನ್ನು ಎಲ್ಲರೆದುರು ಓದಿಸಬೇಡಿ. ನೀವೇ ಓದಿ, ಹೆಸರು ಹೇಳದೆ ಸಾರಾಂಶ ತಿಳಿಸಿ. ಹುಡುಗರು ಕೇಳಿಸಿಕೊಳ್ಳಬೇಕಾದ ಸಂಗತಿ ಇದು.

‘ಅವರೆಲ್ಲ ಕುಡಿದು ಹಾಳಾದವರು’ ಎಂಬ ಮಾತು ಎರಡನೆಯ ದಿನದೊಳಗೆ ಬಂದೇ ಬರುತ್ತದೆ. ಗದರಬೇಡಿ. ಮನೆಯಲ್ಲಿ ಕೇಳಿದ್ದನ್ನೇ ಆ ಹುಡುಗ ಹೇಳುತ್ತಿರುತ್ತಾನೆ. ಮಾತನ್ನು ಹಾಗೆಯೇ ಹಲಗೆಯ ಮೇಲೆ ಬರೆದು, ಕುಡಿಯುವವರೆಲ್ಲ ಬೀದಿಗೆ ಬಂದಿದ್ದಾರೆಯೇ ಎಂದು ಕೇಳಿ. ಕುಡಿದೂ ಮನೆ ಉಳಿಸಿಕೊಂಡವರ ಬಳಿ ಏನಿತ್ತು? ಸ್ವಂತ ಮನೆ, ತಿಂಗಳ ಸಂಬಳ, ಹೊಲ, ಸಂಭಾಳಿಸುವ ಅಣ್ಣತಮ್ಮಂದಿರು ಎಂದು ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯ ಎದುರಿಗೆ ನಮ್ಮ ಕೊಪ್ಪಳದ ಕುಟುಂಬದ ಹೆಸರು ಬರೆಯಿರಿ. ಅವರಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಮಕ್ಕಳೇ ಗುರುತು ಹಾಕುತ್ತಾರೆ. ಕುಡಿತದಿಂದ ಹಾಳಾಗುವುದು ಸುಳ್ಳೆಂದು ನೀವು ವಾದಿಸಬೇಕಾಗಿಲ್ಲ. ಸುಳ್ಳೂ ಅಲ್ಲ ಅದು.

ನಾಲ್ಕನೆಯ ಅವಧಿಗೆ ನಿಮ್ಮ ಸ್ವಂತ ಮನೆ ತೆರಿಗೆಯ ರಸೀದಿ ಒಯ್ಯಿರಿ. ಮಕ್ಕಳಿಂದ ತರಿಸಬೇಡಿ, ಕಾರಣ ಮೇಲೆಯೇ ಇದೆ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ, ಆರೋಗ್ಯ ಕರಗಳ ಜೊತೆಗೆ ಶೇ 3ರಷ್ಟು ಭಿಕ್ಷುಕರ ಕರವನ್ನೂ ನಾವು ಕಟ್ಟುತ್ತೇವೆ. ಸಾವಿರ ರೂಪಾಯಿ ತೆರಿಗೆಗೆ ಮೂವತ್ತು ರೂಪಾಯಿ. ಇದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ಬರುವ ಹಣ. ಅದೇ ಕಾಯ್ದೆ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇರಿಸಲೂ ಅವಕಾಶ ಕೊಡುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವುದು ಅಂಥ ಕೇಂದ್ರ. ರಸೀದಿ ಕೈಯಿಂದ ಕೈಗೆ ಹೋಗಲಿ. ಮನೆ ಇರುವವರೆಲ್ಲ ಈಗಾಗಲೇ ದುಡ್ಡು ಕೊಟ್ಟಾಗಿದೆ ಎಂಬುದು ಮಕ್ಕಳಿಗೆ ಹೊಸ ಸುದ್ದಿ. ಹಾಗಾದರೆ ಕಂಬಳಿ ಹಂಚುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂದು ಅವರೇ ಯೋಚಿಸಲಿ.

ಅಲ್ಲಿಂದ, ಮನೆಯಿಲ್ಲದವರು ರಾತ್ರಿ ಉಳಿಯಲೆಂದು ಇರುವ ತಂಗುದಾಣಗಳ ಲೆಕ್ಕಕ್ಕೆ ಬನ್ನಿ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕೆಂದಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಅದು ಲಕ್ಷಕ್ಕೆ ನೂರು ಜನರ ಜಾಗ, ಒಬ್ಬರಿಗೆ 50 ಚದರ ಅಡಿ. ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ 2011ರಲ್ಲಿ 9.43 ಲಕ್ಷ. ಎಷ್ಟು ತಂಗುದಾಣ ಬೇಕು? ಕನಿಷ್ಠ ಒಂಬತ್ತು. ಐವತ್ತು ಚದರ ಅಡಿ ಎಂದರೆ ಎಷ್ಟೆಂದು ಬೆಂಚುಗಳನ್ನು ಸರಿಸಿ ನೆಲದ ಮೇಲೆ ಸೀಮೆಸುಣ್ಣದಿಂದ ಐದು ಅಡಿಗೆ ಹತ್ತು ಅಡಿ ಎಳೆಯಿಸಿ. ಕೊಪ್ಪಳದ ಕುಟುಂಬದ ನಾಲ್ವರು ಅಲ್ಲಿಗೆ ಬಂದರೆ ಗಂಡಸರ ತಂಗುದಾಣಕ್ಕೆ ಒಬ್ಬ, ಹೆಂಗಸರದಕ್ಕೆ ಮೂವರು ಎಂದು ಬೇರೆಯಾಗಬೇಕಾದೀತೇ? ಒಬ್ಬ ಹುಡುಗಿ ಹೇಳಿದಳು: ‘ಹಾಗಾದರೆ ಅವರು ಕಟ್ಟೆಯ ಮೇಲೆಯೇ ಇರುತ್ತಾರೆ ಟೀಚರ್.’

ನಿಮ್ಮ ನಗರದಲ್ಲಿ ನಿಜಕ್ಕೂ ಎಷ್ಟು ತಂಗುದಾಣಗಳಿವೆ ಎಂಬುದನ್ನು ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ. ಮಕ್ಕಳು ಕರಡು ಬರೆಯಲಿ, ಸಹಿ ನಿಮ್ಮದಿರಲಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ; ಉತ್ತರಕ್ಕೆ 30 ದಿನ. ನೂರೈವತ್ತು ಪದಗಳಲ್ಲಿ ಬೇಕಾದದ್ದನ್ನೆಲ್ಲ ಕೇಳುವುದು ಯಾವ ಕನ್ನಡ ಪ್ರಬಂಧಕ್ಕಿಂತಲೂ ಒಳ್ಳೆಯ ಅಭ್ಯಾಸ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ, ಕುಟುಂಬ ಸಮೇತ ತಂಗಬಹುದೇ, ಬಾಗಿಲು ಎಷ್ಟಕ್ಕೆ ಮುಚ್ಚುತ್ತದೆ ಎಂಬ ಪ್ರಶ್ನೆಗಳು ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಇತಿಹಾಸಕ್ಕೆ ಒಂದು ಅವಧಿ ಸಾಕು. ಹುಬ್ಬಳ್ಳಿಯವರಿಗೆ ‘ಸೆಟ್ಲಮೆಂಟ್’ ಎಂಬ ಬಡಾವಣೆ ಗೊತ್ತು. ಹೆಸರು ಎಲ್ಲಿಂದ ಬಂತೆಂದು ಮಕ್ಕಳಿಗೆ ಗೊತ್ತಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಊರೂರು ಅಲೆದು ಬದುಕುತ್ತಿದ್ದ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಮುಂದೆ ಮುಂಬೈ ಪ್ರಾಂತ್ಯದ ಸರ್ಕಾರ ಅವರನ್ನು ಹಿಡಿದು ತಂದು ಹುಬ್ಬಳ್ಳಿ, ಗದಗ ಮೊದಲಾದ ಕಡೆ ಬೇಲಿಯೊಳಗೆ ನೆಲೆಗೊಳಿಸಿತು. ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಕಾಯ್ದೆ ರದ್ದಾದದ್ದು 1952ರಲ್ಲಿ. ಸೂರು ಇತ್ತು, ಮನೆ ಇತ್ತೇ ಎಂದು ಕೇಳಿ ಸುಮ್ಮನಾಗಿ. ಎಚ್ಚರ: ಆ ಬಡಾವಣೆಯ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಸಮುದಾಯಗಳ ಹೆಸರು ಹಿಡಿಯದೆ, ಕಾಯ್ದೆ ಬರೆದವರ ಮೇಲೆ ಬೆಳಕು ಬೀಳುವಂತೆ ಹೇಳಿ. ಆ ಮಗು ತಾನಾಗಿ ‘ನಮ್ಮ ಮುತ್ತಜ್ಜ...’ ಎಂದು ಶುರುಮಾಡಿದರೆ ಅವಧಿಯನ್ನು ಅವನಿಗೇ ಬಿಟ್ಟುಕೊಡಿ.

ಚರ್ಚಾಸ್ಪರ್ಧೆಯ ಹುಚ್ಚಿರುವ ತರಗತಿಯಾದರೆ ಓಲ್ಗಾ ಟೆಲ್ಲಿಸ್ ಪ್ರಕರಣ ಕೊಡಿ. 1981ರ ಮಳೆಗಾಲದಲ್ಲಿ ಮುಂಬೈಯ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರನ್ನು ಎಬ್ಬಿಸಲು ಸರ್ಕಾರ, ಪಾಲಿಕೆ ಹೊರಟಾಗ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಅವರೂ ನಿವಾಸಿಗಳೂ ಕೋರ್ಟಿಗೆ ಹೋದರು. 1985ರಲ್ಲಿ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಜೊತೆಗೆ ಪಾದಚಾರಿ ಮಾರ್ಗವನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ, ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಹೇಳಿತು. ಮಕ್ಕಳು ಎರಡೂ ಪಕ್ಷ ಹಿಡಿದು ವಾದಿಸಲಿ. ಪಾಲಿಕೆಯ ಪರವಾಗಿ ವಾದಿಸುವವರನ್ನು ಕೆಟ್ಟವರನ್ನಾಗಿ ಮಾಡಬೇಡಿ. ನಡೆಯಲು ದಾರಿ ಬೇಕೆನ್ನುವ ಕುರುಡರು, ಮುದುಕರು ಕೂಡ ಆ ಪಕ್ಷದಲ್ಲಿದ್ದಾರೆ.

ವಿಳಾಸವಿಲ್ಲದವರಿಗೆ ಮತದಾನದ ಹಕ್ಕಿದೆಯೇ ಎಂದು ಕೇಳಿದರೆ ತರಗತಿ ಒಂದೇ ದನಿಯಲ್ಲಿ ‘ಇಲ್ಲ’ ಎನ್ನುತ್ತದೆ. ಇದೆ. ಅರ್ಜಿಯಲ್ಲಿ ತಾನು ಮಲಗುವ ಜಾಗವನ್ನು ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿ.ಎಲ್.ಒ.) ರಾತ್ರಿ ಅಲ್ಲಿಗೆ ಹೋಗಿ, ಒಂದಕ್ಕಿಂತ ಹೆಚ್ಚು ರಾತ್ರಿ ನೋಡಿ ಖಚಿತಪಡಿಸಿಕೊಳ್ಳಬೇಕು; ವಾಸದ ದಾಖಲೆ ಬೇಕಿಲ್ಲ. ಈ ಅಧಿಕಾರಿಗಳಲ್ಲಿ ಬಹಳಷ್ಟು ಜನ ನಾವೇ, ಶಿಕ್ಷಕರು. ಬಿ.ಎಲ್.ಒ. ಕೆಲಸದ ಬಗ್ಗೆ ನಮ್ಮ ಶಿಕ್ಷಕರ ಕೋಣೆಯಲ್ಲಿ ಕೇಳಿಬರುವ ಗೊಣಗಾಟಕ್ಕೆ ಕೊನೆಯಿಲ್ಲ, ಅದರಲ್ಲಿ ನನ್ನ ಪಾಲೂ ಇದೆ. ಆದರೂ ಈ ಒಂದು ನಿಯಮವನ್ನು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ.

ಕ್ಷೇತ್ರ ಭೇಟಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮವಸ್ತ್ರದ ಮೂವತ್ತು ಮಕ್ಕಳು ಹೋಗಿ ಮಲಗಿದವರ ಸುತ್ತ ನಿಂತು ಬಿಸ್ಕತ್ತು ಹಂಚಿ ಫೋಟೋ ತೆಗೆಸಿಕೊಂಡರೆ ಕಲಿತದ್ದೆಲ್ಲ ಒಂದು ಗಂಟೆಯಲ್ಲಿ ತೊಳೆದುಹೋಗುತ್ತದೆ. ಯಾರನ್ನಾದರೂ ಕರೆಯಬೇಕೆಂದರೆ ಹಗಲು ಅಂಗಡಿ ತೆರೆಯುವ ಮುನ್ನ ಕಟ್ಟೆ ತೊಳೆಯುವವರನ್ನು, ಸಾರ್ವಜನಿಕ ಶೌಚಾಲಯ ನಡೆಸುವವರನ್ನು, ರಾತ್ರಿ ಪಾಳಿಯ ಬಸ್ ನಿರ್ವಾಹಕರನ್ನು ಕರೆಯಿರಿ. ಮಲಗಿದವರನ್ನು ದಿನವೂ ನೋಡುವವರು ಅವರು. ಅವರ ಮಾತಿನಲ್ಲಿ ಉಪದೇಶ ಇರುವುದಿಲ್ಲ.

ರೂಪಣಾತ್ಮಕ ಮೌಲ್ಯಮಾಪನಕ್ಕೆ ಅಂಕ ಕೊಡುವಾಗ ಕಣ್ಣೀರು ತರಿಸುವ ಬರವಣಿಗೆಗೆ ಮರುಳಾಗಬೇಡಿ. ಖರ್ಚಿನ ಹಾಳೆಗೆ, ಅರ್ಜಿಯ ಕರಡಿಗೆ ಅಂಕ ಕೊಡಿ. ನಾನು ಕೇಳುವ ಒಂದು ಪ್ರಶ್ನೆ: ‘ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ 2019ರಲ್ಲಿ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಮನೆಯಲ್ಲಿ ಬಾಡಿಗೆಗೆ ಇದ್ದ ಕುಟುಂಬ ಮತ್ತೆ ನೆಲೆಗೊಳ್ಳಲು ಏನೇನು ಬೇಕು? ಪಟ್ಟಿಮಾಡಿ, ಪ್ರತಿಯೊಂದರ ಮುಂದೆ ಅದನ್ನು ಕೊಡಬೇಕಾದವರು ಯಾರೆಂದು ಬರೆಯಿರಿ.’

ಕೊನೆಯದಾಗಿ, ಈ ಪಾಠ ನಡೆಯುವ ವಾರದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಯಾರಾದರೂ ನಿಮ್ಮ ಹತ್ತಿರ ಬಂದು ಏನೋ ಹೇಳಲು ತಡವರಿಸಬಹುದು. ಹೇಳಿದ್ದನ್ನು ಶಿಕ್ಷಕರ ಕೋಣೆಗೆ ಒಯ್ಯಬೇಡಿ, ಮುಖ್ಯೋಪಾಧ್ಯಾಯರಿಗೆ ಮಾತ್ರ ತಿಳಿಸಿ. ಮಗುವಿಗೆ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಶಾಲೆ ಬಿಟ್ಟ ತಮ್ಮ ತಂಗಿಯರಿದ್ದರೆ, ಆರರಿಂದ ಹದಿನಾಲ್ಕರ ಮಕ್ಕಳಿಗೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹತ್ತಿರದ ಪ್ರಾಥಮಿಕ ಶಾಲೆಗೆ ನೀವೇ ಜೊತೆಗೆ ಹೋಗಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಕರೆದಾಗ ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ನಾಡಕಚೇರಿಯಲ್ಲಿ ಅವು ಕೈಗೆ ಬರಲು ದಿನ ಹಿಡಿಯುತ್ತದೆ, ಆದ್ದರಿಂದ ಬೇಸಿಗೆ ರಜೆಗೆ ಮೊದಲೇ ಅರ್ಜಿ ಹಾಕಿಸಿಬಿಡಿ.